ಇರುಳಿಗೂ ಆರದ ಸೂರು

ಕಲಬುರಗಿಯಲ್ಲಿ ನಿನ್ನೆ 43 ಡಿಗ್ರಿ ಉಷ್ಣತೆ ಇದ್ದಿತೆಂದು ಮೇ ತಿಂಗಳ ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಓದುವ ಗೃಹಸ್ಥನು, ಆ ಅಂಕಿಯನ್ನು ತಾನು ಹಿಂದಿನ ಮಧ್ಯಾಹ್ನ ಸೂಪರ್ ಮಾರ್ಕೆಟ್ಟಿನ ಬೀದಿಯಲ್ಲಿ ಅನುಭವಿಸಿದ ಬೇಗೆಯೊಡನೆ ತೂಗಿ ನೋಡಿ, ಹವಾಮಾನ ಇಲಾಖೆಯವರು ಏನನ್ನೋ ಮರೆಮಾಚುತ್ತಿರಬೇಕೆಂದು ಶಂಕಿಸಿದರೆ ಅವನನ್ನು ಆಕ್ಷೇಪಿಸುವಂತಿಲ್ಲ. ಇಲಾಖೆಯು ಅಳೆಯುವುದು ಗಾಳಿಯನ್ನು. ಅದೂ ನೆರಳಿನಲ್ಲಿರುವ ಗಾಳಿಯನ್ನು. ನಾಲ್ಕು ಕಾಲುಗಳ ಮೇಲೆ ನಿಂತ, ಬಿಳಿಯ ಬಣ್ಣ ಬಳಿದ, ಸುತ್ತಲೂ ಓರೆಪಟ್ಟಿಗಳನ್ನು ಜೋಡಿಸಿ ಗಾಳಿಯಾಡಲು ಎಡೆಗೊಟ್ಟ ಒಂದು ಮರದ ಪೆಟ್ಟಿಗೆಯೊಳಗೆ, ಬಯಲಿನಲ್ಲಿ, ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಬಿಸಿಲಿನ ಒಂದು ಎಳೆಯೂ ತಾಕದಂತೆ ಇರಿಸಿದ ಉಷ್ಣಮಾಪಕವು ಏನನ್ನು ತೋರಿಸುವುದೋ ಅದೇ ಪತ್ರಿಕೆಯ ಅಂಕಿ. ಈ ಪೆಟ್ಟಿಗೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದವನು ಸ್ಕಾಟ್ಲೆಂಡಿನ ದೀಪಸ್ತಂಭಗಳ ಇಂಜಿನಿಯರ್ ಥಾಮಸ್ ಸ್ಟೀವನ್ಸನ್. 'ಟ್ರೆಷರ್ ಐಲೆಂಡ್' ಬರೆದ ಕಾದಂಬರಿಕಾರನ ತಂದೆ ಈತನೇ. ಊರೂರುಗಳ ಹವೆಯನ್ನು ಪರಸ್ಪರ ಹೋಲಿಸಬೇಕಾದರೆ ಗೋಡೆ, ರಸ್ತೆ, ಛಾವಣಿ ಮೊದಲಾದ ಸ್ಥಳೀಯ ಉಪಾಧಿಗಳನ್ನೆಲ್ಲ ಲೆಕ್ಕದಿಂದ ಹೊರಗಿಡುವುದು ಅವಶ್ಯಕವಾದಕಾರಣ ಅವನ ಯುಕ್ತಿ ಶ್ಲಾಘ್ಯವಾದುದೇ. ಆದರೆ ಮನುಷ್ಯನು ಬದುಕುವುದು ಆ ಹೊರಗಿಟ್ಟ ಉಪಾಧಿಗಳ ನಡುವೆಯೇ.

ಮೈದಾನ ಪ್ರದೇಶದಲ್ಲಿ ಗರಿಷ್ಠ ಉಷ್ಣತೆ 40 ಡಿಗ್ರಿಯನ್ನು ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಾಗಿದ್ದರೆ, ಅಥವಾ ವಾಡಿಕೆ ಏನೇ ಇರಲಿ 45 ಡಿಗ್ರಿಯನ್ನು ತಲಪಿದರೆ, ನಮ್ಮ ಹವಾಮಾನ ಇಲಾಖೆಯು ಅದನ್ನು ಬಿಸಿಗಾಳಿಯ ದಿನಗಳಲ್ಲಿ ಎಣಿಸುತ್ತದೆ. ಇದೂ ಗಾಳಿಯ ಲೆಕ್ಕವೇ. ಅಂತಹ ದಿನದಲ್ಲಿ ಕಾಲ ಕೆಳಗಿನ ಡಾಂಬರು ಏನಾಗಿರುವುದು, ತಲೆಯ ಮೇಲಿನ ತಗಡು ಏನಾಗಿರುವುದು ಎಂಬುದನ್ನು ತಿಳಿಯಲು ನಾವು ಬೇರೊಂದು ಲೆಕ್ಕವನ್ನು ಹಾಕಬೇಕು.

ಮೋಡವಿಲ್ಲದ ಮಧ್ಯಾಹ್ನದಲ್ಲಿ ಸೂರ್ಯನಿಗೆ ನೇರವಾಗಿ ಎದುರಾದ ಒಂದು ಚದರ ಮೀಟರು ನೆಲದ ಮೇಲೆ ಬೀಳುವ ಕಿರಣಶಕ್ತಿ ಸುಮಾರು 1,000 ವಾಟ್. ಎಂದರೆ, ಬೀದಿಯ ಪ್ರತಿಯೊಂದು ಚದರ ಮೀಟರಿಗೂ ಒಂದೊಂದು ವಿದ್ಯುತ್ ಒಲೆಯನ್ನು ಹೊತ್ತಿಸಿ ಮಗುಚಿ ಇಟ್ಟಂತೆ. ಹೀಗೆ ಬಂದ ಶಕ್ತಿಯಲ್ಲಿ ಒಂದು ಪಾಲು ಬಂದ ದಾರಿಯಲ್ಲೇ ಪ್ರತಿಫಲಿಸಿ ಹೋಗುತ್ತದೆ. ಉಳಿದುದು ಮೇಲ್ಮೈಯಲ್ಲಿ ಲೀನವಾಗಿ, ಕೊಂಚ ಮೇಲಿನ ಗಾಳಿಗೂ, ಕೊಂಚ ಕೆಳಗಿನ ಪದರಗಳಿಗೂ, ಕೊಂಚ ಕಣ್ಣಿಗೆ ಕಾಣದ ಉಷ್ಣಕಿರಣಗಳ ರೂಪದಲ್ಲಿ ಆಕಾಶಕ್ಕೂ, ಅಲ್ಲಿ ತೇವವೇನಾದರೂ ಇದ್ದರೆ ಅದನ್ನು ಆವಿಯಾಗಿಸುವ ಕಾರ್ಯಕ್ಕೂ ವಿನಿಯೋಗವಾಗುತ್ತದೆ. ಹೊಸದಾಗಿ ಹಾಸಿದ ಡಾಂಬರು ನೂರರಲ್ಲಿ ಐದು ಪಾಲನ್ನು ಮಾತ್ರ ಪ್ರತಿಫಲಿಸುವುದು. ವರ್ಷಗಳು ಕಳೆದು ಬೂದುಬಣ್ಣಕ್ಕೆ ತಿರುಗಿದ ಮೇಲೆ ಅದು ಹತ್ತು ಹದಿನೈದಕ್ಕೆ ಏರಬಹುದು. ಹೊಸ ಕಾಂಕ್ರೀಟು ಮೂವತ್ತೈದು ನಲವತ್ತರಷ್ಟನ್ನೂ, ಆಗತಾನೇ ಬಳಿದ ಸುಣ್ಣವು ಎಪ್ಪತ್ತು ಎಂಬತ್ತರಷ್ಟನ್ನೂ ಹಿಂದಿರುಗಿಸುವುವು. ಡಾಂಬರಿನ ಪಾಲಿಗೆ ಬಂದ 950 ವಾಟ್ ಎಲ್ಲಿಗಾದರೂ ಹೋಗಲೇಬೇಕಷ್ಟೆ. ಹೋಗುವ ಶಕ್ತಿಯು ಬರುವ ಶಕ್ತಿಗೆ ಸಮನಾಗುವವರೆಗೂ ಮೇಲ್ಮೈಯ ಕಾವು ಏರುತ್ತಲೇ ಇರುತ್ತದೆ. ವಸ್ತುವೊಂದು ಹೊರಸೂಸುವ ಉಷ್ಣಕಿರಣವು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದೆಂದು 1879ರಲ್ಲಿ ಭೌತವಿಜ್ಞಾನಿ ಸ್ಟೆಫಾನನು ಕಂಡುಕೊಂಡ ನಿಯಮವನ್ನು ಇಲ್ಲಿಗೆ ಅನ್ವಯಿಸಿದರೆ, 30 ಡಿಗ್ರಿಯ ಕಪ್ಪು ನೆಲವು ಪ್ರತಿ ಚದರ ಮೀಟರಿಗೆ ಸುಮಾರು 480 ವಾಟನ್ನು ಸೂಸಿದರೆ, 60 ಡಿಗ್ರಿಯದು 700 ವಾಟನ್ನು ಸೂಸುತ್ತದೆಂದು ತಿಳಿದುಬರುತ್ತದೆ. ಬಿಸಿಗಾಳಿಯ ದಿನದ ರಸ್ತೆಯು ತನ್ನ ಸಮತೋಲವನ್ನು ಕಾಣುವುದು ಈ ಎರಡನೆಯ ಅಂಕಿಯ ಆಸುಪಾಸಿನಲ್ಲಿ. ಬೀದಿಯಲ್ಲಿ ನಡೆಯುವವನಿಗೆ ಮೇಲಿನಿಂದ ಸೂರ್ಯ, ಕೆಳಗಿನಿಂದ ಈ 700 ವಾಟ್, ಎರಡು ಪಕ್ಕಗಳಿಂದ ಕಾದ ಗೋಡೆಗಳು. ಪೆಟ್ಟಿಗೆಯೊಳಗಿನ ಉಷ್ಣಮಾಪಕಕ್ಕೆ ಇವುಗಳಲ್ಲಿ ಯಾವುದರ ಪರಿಚಯವೂ ಇಲ್ಲ.

ತೇವದ ಮಾತನ್ನು ಹೇಳಿದೆವಲ್ಲವೆ? ಒಂದು ಲೀಟರು ನೀರು ಆವಿಯಾಗುವಾಗ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು ಮೂರರಲ್ಲಿ ಎರಡು ಯೂನಿಟ್ಟಿನಷ್ಟು ಶಾಖವನ್ನು ಕೊಂಡೊಯ್ಯುತ್ತದೆ. ದಖ್ಖನದ ಏಪ್ರಿಲ್ ತಿಂಗಳ ಒಂದು ಹಗಲಿನಲ್ಲಿ ಒಂದು ಚದರ ಮೀಟರಿಗೆ ಬೀಳುವ ಬಿಸಿಲು ಒಟ್ಟು ಆರೂವರೆ ಯೂನಿಟ್ಟಿನಷ್ಟೆಂದು ಇಟ್ಟುಕೊಂಡರೆ, ನೀರುಂಡ ತೋಟವೊಂದು ಆ ಹಗಲಿನಲ್ಲಿ ನಾಲ್ಕು ಲೀಟರು ನೀರನ್ನು ಉಸಿರಿನಂತೆ ಹೊರಬಿಟ್ಟಿತಾದರೆ, ಬಿಸಿಲಿನ ಐದರಲ್ಲಿ ಎರಡು ಪಾಲು ಯಾವ ವಸ್ತುವನ್ನೂ ಕಾಯಿಸದೆ ಹೊರಟುಹೋದಂತಾಯಿತು. ಚಪ್ಪಡಿ ಹಾಸಿದ ಅಂಗಳಕ್ಕೆ ಈ ದಾರಿ ಮುಚ್ಚಿದೆ. ನೆರಳನ್ನು ಮಾತ್ರವೇ ಮರದ ಉಪಕಾರವೆಂದು ತಿಳಿದವರು ಅದರ ಅರ್ಧವನ್ನು ಮಾತ್ರ ತಿಳಿದಿರುತ್ತಾರೆ.

ಇನ್ನು ಸ್ಪರ್ಶದ ವಿಚಾರ. ಒಂದೇ ಬಿಸಿಲಿನಲ್ಲಿ ಕಾದು ಒಂದೇ ಉಷ್ಣತೆಗೆ ಬಂದ ಉಕ್ಕಿನ ಬೆಂಚು, ಶಹಾಬಾದಿನ ಚಪ್ಪಡಿ, ಮರದ ಹಲಗೆ ಈ ಮೂರನ್ನು ಮುಟ್ಟಿ ನೋಡಿದರೆ, ಮೊದಲನೆಯದು ಕೈಯನ್ನು ಸುಡುವುದು, ಎರಡನೆಯದು ಕೈಯನ್ನು ಹಿಂದೆಳೆದುಕೊಳ್ಳುವಂತೆ ಮಾಡುವುದು, ಮೂರನೆಯದನ್ನು ಹೇಗೋ ಸಹಿಸಬಹುದು. ವಸ್ತುವಿನ ಉಷ್ಣತೆ ಎಷ್ಟು ಎಂಬುದಕ್ಕಿಂತ, ಅದು ತನ್ನ ಒಡಲಿನ ಶಾಖವನ್ನು ಎಷ್ಟು ಶೀಘ್ರವಾಗಿ ಚರ್ಮಕ್ಕೆ ಸಾಗಿಸಬಲ್ಲುದು ಎಂಬುದೇ ಇಲ್ಲಿ ನಿರ್ಣಾಯಕ. ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, 44 ಡಿಗ್ರಿಯ ಸಂಪರ್ಕದಲ್ಲಿ ಚರ್ಮವು ಗಾಯಗೊಳ್ಳಲು ಸುಮಾರು ಆರು ಗಂಟೆ ಬೇಕು. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಆ ಅವಧಿ ಸರಿಸುಮಾರು ಅರ್ಧರ್ಧವಾಗುತ್ತ ಬಂದು, 60 ಡಿಗ್ರಿಯ ಹೊತ್ತಿಗೆ ಕೆಲವೇ ಸೆಕೆಂಡುಗಳಿಗೆ ಇಳಿಯುತ್ತದೆ. ಅಮೆರಿಕದ ಅರಿಜೋನಾ ಪ್ರಾಂತದ ಫೀನಿಕ್ಸ್ ನಗರದಲ್ಲಿ 2023ರ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಸತತವಾಗಿ 31 ದಿನ ಗಾಳಿಯ ಉಷ್ಣತೆ 43 ಡಿಗ್ರಿಯನ್ನು ದಾಟಿದಾಗ, ಅಲ್ಲಿಯ ಸುಟ್ಟಗಾಯದ ಆಸ್ಪತ್ರೆಗಳಿಗೆ ಬಂದವರಲ್ಲಿ ಬೆಂಕಿಯನ್ನು ಕಂಡೇ ಇರದವರು ಅನೇಕರಿದ್ದರು; ಅವರು ರಸ್ತೆಯ ಮೇಲೆ ಎಡವಿಬಿದ್ದು ಒಡನೆಯೇ ಏಳಲಾರದೆ ಹೋದವರು. ನಮ್ಮ ದೇವಾಲಯಗಳಲ್ಲಿ ಬೇಸಗೆ ಬಂದೊಡನೆ ಪ್ರದಕ್ಷಿಣಪಥದ ಕಲ್ಲಿಗೆ ಬಿಳಿಯ ಬಣ್ಣ ಬಳಿದು, ನಾರಿನ ಚಾಪೆ ಹಾಸಿ, ಅದರ ಮೇಲೆ ಆಗಾಗ ನೀರು ಚಿಮುಕಿಸುವ ಅರ್ಚಕರಿಗೆ ಸ್ಟೆಫಾನನ ಹೆಸರು ಗೊತ್ತಿಲ್ಲದೆ ಇರಬಹುದು. ಆದರೆ ಪ್ರತಿಫಲನ, ಮಂದವಾಹಕತೆ, ಬಾಷ್ಪೀಕರಣ ಎಂಬ ಮೂರು ತತ್ತ್ವಗಳನ್ನೂ ಅವರು ಏಕಕಾಲದಲ್ಲಿ ಪ್ರಯೋಗಿಸುತ್ತಿರುತ್ತಾರೆ.

ಇಷ್ಟನ್ನು ಕೇಳಿದ ಓದುಗರು, ಹಾಗಾದರೆ ಹಗಲಿನಲ್ಲಿ ಊರು ಹೊಲಕ್ಕಿಂತ ಬಿಸಿಯಾಗಿರಲೇಬೇಕು ಎಂಬ ತೀರ್ಮಾನಕ್ಕೆ ಬಂದರೆ ಆಶ್ಚರ್ಯವಿಲ್ಲ. ಸೋಜಿಗವೆಂದರೆ, ನಮ್ಮ ದೇಶದ ಒಣಬೇಸಗೆಯಲ್ಲಿ ಅದು ಹಾಗಿಲ್ಲದಿರುವುದೇ ಹೆಚ್ಚು. 2022ರ ಏಪ್ರಿಲ್ 29ರಂದು ಯುರೋಪಿನ ಉಪಗ್ರಹವೊಂದು ವಾಯವ್ಯ ಭಾರತದ ನೆಲದ ಉಷ್ಣತೆಯನ್ನು ಅಳೆದಾಗ, ಅಹಮದಾಬಾದ್ ಜಯಪುರಗಳಂತಹ ನಗರಗಳಲ್ಲಿ ಅದು 47 ಡಿಗ್ರಿಯಷ್ಟಿದ್ದರೆ, ಅಹಮದಾಬಾದಿನಿಂದ ಆಗ್ನೇಯಕ್ಕೂ ನೈಋತ್ಯಕ್ಕೂ ಹಬ್ಬಿದ ಬಯಲುಗಳಲ್ಲಿ ಸುಮಾರು 65 ಡಿಗ್ರಿಯನ್ನು ಮುಟ್ಟಿದ್ದಿತು. ಆ ಅಂಕಿಯನ್ನು ಗಾಳಿಯ ಉಷ್ಣತೆಯೆಂದು ತಪ್ಪಾಗಿ ತಿಳಿದು ದಿಗಿಲುಗೊಂಡವರೂ, ಇತರರನ್ನು ದಿಗಿಲುಗೊಳಿಸಿದವರೂ ಅಂದು ಕಡಮೆಯೇನಿರಲಿಲ್ಲ. ಕಟಾವು ಮುಗಿದು ಬರಿದಾದ ಮಣ್ಣು ಸಡಿಲವಾದುದು. ಅದರ ಕಣಗಳ ಸಂದುಗಳಲ್ಲೆಲ್ಲ ಗಾಳಿ ತುಂಬಿರುವುದರಿಂದ ಮೇಲೆ ಬಿದ್ದ ಶಾಖವು ಕೆಳಗೆ ಇಳಿಯಲಾರದೆ ಮೇಲಿನ ಒಂದೆರಡು ಅಂಗುಲಗಳಲ್ಲೇ ಉಳಿದು, ಆ ತೆಳುಪದರವನ್ನು ಹಂಚಿನಂತೆ ಕಾಯಿಸುತ್ತದೆ. ನಗರದಲ್ಲಾದರೋ ಕಟ್ಟಡಗಳು ಒಂದರ ಮೇಲೊಂದು ನೆರಳು ಚೆಲ್ಲುತ್ತವೆ, ಅಲ್ಲೊಂದು ಇಲ್ಲೊಂದು ಬೇವಿನ ಮರವಿರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಕಲ್ಲು ಕಾಂಕ್ರೀಟುಗಳು ಶಾಖವನ್ನು ತಮ್ಮ ಆಳಕ್ಕೆ ಸೆಳೆದುಕೊಳ್ಳುತ್ತವೆ.

ಆಳಕ್ಕೆ ಸೆಳೆದುಕೊಂಡದ್ದು ಮಾಯವಾಗುವುದಿಲ್ಲ ಎಂಬಲ್ಲಿಗೆ ನಮ್ಮ ಪ್ರಕೃತ ವಿಷಯದ ಮರ್ಮವು ಬಂತು. ಮೇಲೆ ಹೇಳಿದ ದಿನದಿಂದ ಒಂದು ವಾರ ಕಳೆಯುವಷ್ಟರಲ್ಲಿ, ಮೇ 5ರಂದು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅಳವಡಿಸಿದ ನಾಸಾದ ಉಪಕರಣವೊಂದು ನಡುರಾತ್ರಿಗೆ ಸ್ವಲ್ಪ ಮುಂಚೆ ದೆಹಲಿಯ ಸುತ್ತಿನ ನೆಲವನ್ನು ಅಳೆಯಿತು. ಹೊಲಗಳು ಆ ವೇಳೆಗೆ 15 ಡಿಗ್ರಿಯ ಸಮೀಪಕ್ಕೆ ತಣಿದಿದ್ದುವು. ನಗರದ ಮೇಲ್ಮೈಗಳು 35 ಡಿಗ್ರಿಗಿಂತ ಮೇಲೆಯೇ ಇದ್ದು, ಕೆಲವೆಡೆ 39ರವರೆಗೂ ಇದ್ದುವು. ಹಗಲಿನಲ್ಲಿ ಉರಿದ ಹೊಲವು ಸಂಜೆಗೆ ತನ್ನ ತೆಳುಪದರದ ಕಾವನ್ನು ಕಳೆದುಕೊಂಡು ನಿರಾಳವಾಯಿತು. ಹಗಲಿನಲ್ಲಿ ಸಭ್ಯತೆಯಿಂದ ವರ್ತಿಸಿದ ನಗರವು ತಾನು ಕೂಡಿಟ್ಟದ್ದನ್ನು ರಾತ್ರಿಯೆಲ್ಲ ನಿಧಾನವಾಗಿ ಹಿಂದಿರುಗಿಸುತ್ತ ಕುಳಿತಿತು. ಮೋಡಗಳಿಗೆ ಇಂದಿಗೂ ಬಳಕೆಯಲ್ಲಿರುವ ಹೆಸರುಗಳನ್ನಿಟ್ಟ ಲಂಡನ್ನಿನ ಔಷಧತಯಾರಕ ಲ್ಯೂಕ್ ಹೋವರ್ಡನು, ತನ್ನ ನಗರದ ಹವೆಯನ್ನು ಕುರಿತು 1818ರಲ್ಲಿ ಮೊದಲು ಪ್ರಕಟಿಸಿ ತರುವಾಯ ವಿಸ್ತರಿಸಿದ ಗ್ರಂಥದಲ್ಲಿ, ಊರಿನ ರಾತ್ರಿಯು ಹಳ್ಳಿಯ ರಾತ್ರಿಗಿಂತ ಫ್ಯಾರನ್‌ಹೀಟ್ ಮಾನದಲ್ಲಿ 3.7 ಡಿಗ್ರಿ ಹೆಚ್ಚು ಬೆಚ್ಚಗಿರುವುದೆಂದೂ, ಊರಿನ ಹಗಲು ಮಾತ್ರ ಹಳ್ಳಿಯದಕ್ಕಿಂತ ಕೂದಲೆಳೆಯಷ್ಟು ತಂಪೆಂದೂ ಗುರುತಿಸಿದ್ದನು. ಇನ್ನೂರು ವರ್ಷಗಳ ಮೇಲೂ ನಾವು ಮಧ್ಯಾಹ್ನದ ಗರಿಷ್ಠ ಉಷ್ಣತೆಯನ್ನೇ ದಪ್ಪಕ್ಷರಗಳಲ್ಲಿ ಅಚ್ಚುಹಾಕುತ್ತ, ಬೆಳಗಿನ ಜಾವದ ಕನಿಷ್ಠ ಉಷ್ಣತೆಯನ್ನು ಒಳಪುಟದ ಮೂಲೆಗೆ ತಳ್ಳುತ್ತಿರುವುದು ವಿಚಿತ್ರವಾಗಿ ಕಾಣುತ್ತದೆ.

ಕಾಂಕ್ರೀಟು ಶಾಖವನ್ನು ಬಿಟ್ಟುಕೊಡುವುದು ತಡವಾಗುವುದಕ್ಕೆ ಬೀದಿಯ ಆಕೃತಿಯೂ ಕಾರಣವಾಗುತ್ತದೆ. ಬಯಲಿನಲ್ಲಿರುವ ನೆಲವು ತಲೆಯೆತ್ತಿದರೆ ಕಾಣುವುದು ತಣ್ಣನೆಯ ಆಕಾಶವನ್ನೇ; ಎತ್ತರದ ಮನೆಗಳ ನಡುವಿನ ಕಿರುಬೀದಿಯು ಕಾಣುವುದು ಎದುರಿನ ಗೋಡೆಯನ್ನು. ಒಂದು ಗೋಡೆ ಸೂಸಿದ ಕಿರಣವನ್ನು ಇನ್ನೊಂದು ಹೀರಿ, ಹೀರಿದ್ದನ್ನು ಮತ್ತೆ ಮೊದಲಿನದಕ್ಕೆ ಕಳುಹಿಸಿ, ಎರಡೂ ಕೂಡಿ ಬಹಳ ಹೊತ್ತು ಬೆಚ್ಚಗಿರುತ್ತವೆ. ಬೀದಿಯ ಮಧ್ಯದಲ್ಲಿ ನಿಂತವನಿಗೆ ಆಕಾಶದ ಎಷ್ಟು ಭಾಗ ಗೋಚರಿಸುತ್ತದೆ ಎಂಬುದನ್ನು ಅಳೆದು, ಅದಕ್ಕೂ ಆ ಊರಿನ ರಾತ್ರಿಯ ಕಾವಿಗೂ ಇರುವ ಸಂಬಂಧವನ್ನು ಕೆನಡಾದ ವಿದ್ವಾಂಸ ಟಿಮ್ ಓಕ್ ಅವರು ಕಳೆದ ಶತಮಾನದ ಉತ್ತರಾರ್ಧದಲ್ಲಿ ವಿಶದಪಡಿಸಿದರು. ಹೋಟೆಲು ಅಂಗಡಿಗಳ ಹವಾನಿಯಂತ್ರಕಗಳು ಒಳಗಿನ ಬಿಸಿಯನ್ನು ಅದೇ ಕಿರುಬೀದಿಗೆ ತಂದು ಸುರಿಯುವುದನ್ನು ಇದರೊಡನೆ ಸೇರಿಸಿಕೊಳ್ಳಬೇಕು.

ರಸ್ತೆ ಗೋಡೆಗಳ ಮಾತು ಇಷ್ಟು ಸಾಕು. ನಮ್ಮ ಅಕ್ಷಾಂಶಗಳಲ್ಲಿ ಮುಖ್ಯವಾದುದು ಛಾವಣಿ. ಬೇಸಗೆಯ ನಡುಹಗಲಿನ ಸೂರ್ಯನು ಏಪ್ರಿಲ್ ಕೊನೆಯ ವಾರದಲ್ಲಿ ಬೆಂಗಳೂರಿನ ನೆತ್ತಿಯ ಮೇಲೂ, ಮೇ ತಿಂಗಳ ಎರಡನೆಯ ವಾರದಲ್ಲಿ ಕಲಬುರಗಿಯ ನೆತ್ತಿಯ ಮೇಲೂ ಬಂದು ನಿಲ್ಲುವನಾದಕಾರಣ, ಆ ಹೊತ್ತಿನಲ್ಲಿ ಗೋಡೆಗಳಿಗೆ ಬೀಳುವ ಬಿಸಿಲು ಅತ್ಯಲ್ಪ, ತಾರಸಿಗೆ ಬೀಳುವುದು ಸಂಪೂರ್ಣ. ಐದಾರು ಅಂಗುಲ ದಪ್ಪದ ಕಾಂಕ್ರೀಟಿನ ತಾರಸಿಯ ಮೇಲ್ಭಾಗವು ಮಧ್ಯಾಹ್ನ ಒಂದೆರಡು ಗಂಟೆಗೆ ಅತ್ಯಂತ ಬಿಸಿಯಾದರೆ, ಆ ಕಾವು ಒಳಗಿಳಿದು ಕೆಳಭಾಗವನ್ನು ತಲಪಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಎಂದರೆ ದುಡಿದವರು ಮನೆಗೆ ಮರಳಿ, ಮಕ್ಕಳು ಪಾಠಕ್ಕೆ ಕುಳಿತು, ಮುದುಕರು ಹಾಸಿಗೆಯನ್ನು ಬಿಡಿಸುವ ವೇಳೆಗೆ ಸರಿಯಾಗಿ. ಮನುಷ್ಯನ ಚರ್ಮದ ಉಷ್ಣತೆ ಮೂವತ್ತನಾಲ್ಕು ಡಿಗ್ರಿಯ ಸುತ್ತಮುತ್ತ ಇರುವುದರಿಂದ, ತಲೆಯ ಮೇಲಿನ ತಾರಸಿ ಅದಕ್ಕಿಂತ ಬಿಸಿಯಾಗಿದ್ದಷ್ಟು ಹೊತ್ತೂ ಮಲಗಿದವನ ಮೈಯು ಶಾಖವನ್ನು ಕಳೆದುಕೊಳ್ಳುವ ಬದಲು ಪಡೆಯುತ್ತಲೇ ಇರುತ್ತದೆ. ಬೀಸುವ ಫ್ಯಾನು ಗಾಳಿಯನ್ನು ಕದಡೀತೇ ವಿನಾ ಈ ಕಿರಣವನ್ನು ತಡೆಯಲಾರದು. ತಗಡಿನ ಸೂರಿನ ಸ್ವಭಾವ ಬೇರೆ. ಅದಕ್ಕೆ ದಪ್ಪವೇ ಇಲ್ಲದಿರುವುದರಿಂದ ಬಿಸಿಲೇರಿದಂತೆ ತಾನೂ ಏರಿ, ಇಳಿದಂತೆ ಇಳಿದು, ಹಗಲಿನಲ್ಲಿ ನಿಲ್ಲಲಾಗದಂತಿದ್ದ ಗುಡಿಸಲು ರಾತ್ರಿ ಹತ್ತರ ಮೇಲೆ ಕಾಂಕ್ರೀಟಿನ ಮನೆಗಿಂತ ತಣ್ಣಗಾಗುವುದೂ ಉಂಟು. ಥಳಥಳಿಸುವ ಹೊಸ ತಗಡು ಬಿಸಿಲನ್ನು ಬಹುವಾಗಿ ಪ್ರತಿಫಲಿಸುವುದು ನಿಜ. ಆದರೆ ಹೊಳಪಿನ ಲೋಹವು ಉಷ್ಣಕಿರಣಗಳನ್ನು ಸೂಸುವುದರಲ್ಲಿ ಬಹಳ ಜಿಪುಣನಾದ್ದರಿಂದ, ಹೀರಿಕೊಂಡ ಅಲ್ಪವನ್ನೂ ಬಿಡಲಾರದೆ ಕಾಯುತ್ತದೆ. ಅದೇ ತಗಡಿಗೆ ಬಿಳಿಯ ಬಣ್ಣ ಬಳಿದರೆ ಪ್ರತಿಫಲನವೂ ಸೂಸುವಿಕೆಯೂ ಎರಡೂ ಕೂಡಿಬರುತ್ತವೆ.

ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಳೆಯ ಜಂತಿಮನೆಗಳಲ್ಲಿ ಮರದ ಜಂತಿಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಮೊಣಕೈಯುದ್ದದ ಮಣ್ಣನ್ನು ಬಡಿದು ಮೇಲ್ಮುದ್ದೆ ಮಾಡುತ್ತಿದ್ದರು. ಗೋಡೆಗಳೂ ಅದಕ್ಕೆ ತಕ್ಕಷ್ಟು ದಪ್ಪ. ಅಷ್ಟು ಮಣ್ಣನ್ನು ದಾಟಿ ಬರುವಷ್ಟರಲ್ಲಿ ಹಗಲಿನ ಕಾವು ಬಹುಪಾಲು ಸೋತುಹೋಗಿ, ಉಳಿದ ಅಲ್ಪವೂ ಅರ್ಧದಿನ ತಡವಾಗಿ ತಲಪುತ್ತಿದ್ದಿತು. ಮನೆಯವರಾದರೋ ಅಷ್ಟು ಹೊತ್ತಿಗೆ ಮಾಳಿಗೆಯ ಮೇಲೆ ನಕ್ಷತ್ರಗಳ ಕೆಳಗೆ ಮಲಗಿರುತ್ತಿದ್ದರು. ಆ ಮನೆಗಳನ್ನು ಮತ್ತೆ ಕಟ್ಟಿರೆಂದು ಉಪದೇಶಿಸುವುದು ನಮ್ಮ ಉದ್ದೇಶವಲ್ಲ. ವರ್ಷವರ್ಷವೂ ಮಣ್ಣು ಹಾಕುವ ಕಷ್ಟ, ಮಳೆಗಾಲದ ಸೋರಿಕೆ, ಗೆದ್ದಲು, ಚೇಳು ಇವನ್ನೆಲ್ಲ ಕಂಡವರು ಕಾಂಕ್ರೀಟನ್ನು ಅಪ್ಪಿಕೊಂಡದ್ದು ಸಕಾರಣವಾಗಿಯೇ. ಮೊಣಕೈಯುದ್ದದ ಮಣ್ಣನ್ನು ತೆಗೆದು ಗೇಣುದ್ದಕ್ಕೂ ಕಡಮೆಯ ಕಾಂಕ್ರೀಟನ್ನು ಹಾಕಿದಾಗ, ಮಣ್ಣು ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡಬೇಕೆಂದು ಕೇಳುವುದನ್ನು ನಾವು ಮರೆತೆವು. ಏಪ್ರಿಲ್ ಮೇ ತಿಂಗಳುಗಳಲ್ಲಿ ಆ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಬದಲಾಯಿಸುವ ಪದ್ಧತಿ ನಮ್ಮಲ್ಲಿ ಉಂಟಷ್ಟೆ. ಗುಮಾಸ್ತನನ್ನು ಬಿಸಿಲಿನಿಂದ ತಪ್ಪಿಸಿ ಅದು ಕಳುಹಿಸುವುದು ಇದೇ ತಾರಸಿಯ ಕೆಳಕ್ಕೆ.

ಸೂರಿನ ಕಾವು ಎಷ್ಟರ ಮಟ್ಟಿಗೆ ಪ್ರಾಣಕ್ಕೆ ಸಂಬಂಧಿಸಿದ ವಿಷಯವೆಂಬುದನ್ನು ನಮ್ಮ ದೇಶಕ್ಕೆ ಕಲಿಸಿಕೊಟ್ಟ ನಗರ ಅಹಮದಾಬಾದ್. 2010ರ ಮೇ ತಿಂಗಳಲ್ಲಿ ಅಲ್ಲಿ ಉಷ್ಣತೆಯು 46.8 ಡಿಗ್ರಿಗೆ ಏರಿತು. ಆ ಒಂದು ತಿಂಗಳಿನ ಮರಣಗಳನ್ನು ಹಿಂದುಮುಂದಿನ ವರ್ಷಗಳ ಮೇ ತಿಂಗಳೊಡನೆ ಹೋಲಿಸಿದ ಸಂಶೋಧಕರಿಗೆ 1,344 ಮಂದಿ ಹೆಚ್ಚಾಗಿ ಸತ್ತಿದ್ದುದು ತಿಳಿದುಬಂತು. ಅವರಲ್ಲಿ ಬಹುಮಂದಿಯ ಸಾವಿನ ಕಾರಣವಾಗಿ ಬಿಸಿಲು ಎಲ್ಲಿಯೂ ದಾಖಲಾಗಿರಲಿಲ್ಲ. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಹೆರಿಗೆಯ ವಾರ್ಡು ಕಟ್ಟಡದ ಅತ್ಯಂತ ಮೇಲಿನ ಅಂತಸ್ತಿನಲ್ಲಿ, ತಾರಸಿಗೆ ತಗುಲಿಕೊಂಡಂತೆ ಇದ್ದಿತು. ಆ ಬೇಸಗೆಯಲ್ಲಿ ಸೋಂಕಿನ ಯಾವ ಲಕ್ಷಣವೂ ಇಲ್ಲದ ನವಜಾತ ಶಿಶುಗಳು ಮೈಸುಡುವ ಜ್ವರದಿಂದ ತೀವ್ರನಿಗಾ ಘಟಕಕ್ಕೆ ಒಂದರ ಹಿಂದೊಂದರಂತೆ ಬರತೊಡಗಿದುವು. ವೈದ್ಯರು ಲೆಕ್ಕಹಾಕಿ ನೋಡಿದಾಗ, ಹೊರಗಿನ ಉಷ್ಣತೆ 42 ಡಿಗ್ರಿಯನ್ನು ದಾಟಿದ ಮೇಲೆ ಏರುವ ಒಂದೊಂದು ಡಿಗ್ರಿಗೂ ಇಂತಹ ಶಿಶುಗಳ ಸಂಖ್ಯೆ ನೂರಕ್ಕೆ 43ರಂತೆ ಹೆಚ್ಚುತ್ತಿದ್ದುದು ಕಂಡುಬಂದಿತು. ಮರುವರ್ಷ ವಾರ್ಡನ್ನು ಕೆಳಗಿನ ಅಂತಸ್ತಿಗೆ ಸಾಗಿಸಿದರು. ಶಿಶುಗಳ ತೊಂದರೆ ಬಹುವಾಗಿ ತಗ್ಗಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಹಸುಗೂಸುಗಳಿಗೂ ಬಿಸಿಲುಂಡ ತಾರಸಿಗೂ ನಡುವೆ ಒಂದೆರಡು ಅಂತಸ್ತುಗಳ ಅಂತರವನ್ನು ಇಟ್ಟದ್ದಷ್ಟೆ. ಬಿಸಿಗಾಳಿಯನ್ನು ಕುರಿತು ಈಚಿನ ವರ್ಷಗಳಲ್ಲಿ ಬಂದಿರುವ ನೂರಾರು ವರದಿಗಳಲ್ಲಿ ಇದಕ್ಕಿಂತ ಅರ್ಥಪೂರ್ಣವಾದ ಒಂದು ಘಟನೆಯನ್ನು ನಾವು ಓದಿಲ್ಲ.

ಅಹಮದಾಬಾದಿನ ನಗರಪಾಲಿಕೆಯು 2013ರಲ್ಲಿ ಬಿಸಿಲಿನ ಎಚ್ಚರಿಕೆಯ ಯೋಜನೆಯೊಂದನ್ನು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದಾಗಿ, ಆಚರಣೆಗೆ ತಂದಿತು. 2017ರಲ್ಲಿ ಬಡವರ ಬಡಾವಣೆಗಳ ಸುಮಾರು 3,000 ಸೂರುಗಳಿಗೆ ಬಿಳಿಯ ಲೇಪನವನ್ನು ಮಾಡಿಸಿತು. ಈ ಲೇಪನವು ಅಗ್ಗವಾದುದು, ಫಲಕಾರಿಯಾದುದು. ಆದರೆ ಧೂಳು ಕುಳಿತಂತೆ ಅದರ ಬಿಳುಪು ಮಾಸುವುದು, ಮಳೆಗೆ ಸುಣ್ಣ ತೊಳೆದುಹೋಗುವುದು, ವರ್ಷಕ್ಕೊಮ್ಮೆಯಾದರೂ ಮತ್ತೆ ಬಳಿಯಬೇಕಾಗುವುದು. ಛಾವಣಿಗೆ ಒಪ್ಪಿದ ಉಪಾಯ ರಸ್ತೆಗೂ ಒಪ್ಪುವುದೆಂದು ಭಾವಿಸುವಂತೆಯೂ ಇಲ್ಲ. ಫೀನಿಕ್ಸಿನಲ್ಲಿ 2020ರಿಂದ ಕೆಲವು ಬೀದಿಗಳ ಡಾಂಬರಿಗೆ ತೆಳುಬಣ್ಣದ ಲೇಪ ಹಾಕಿ ಪರೀಕ್ಷಿಸಿದಾಗ, ನಡುಹಗಲಿನ ರಸ್ತೆಯ ಕಾವು ಆರೇಳು ಡಿಗ್ರಿ ಸೆಲ್ಸಿಯಸ್ ಇಳಿದುದೇನೋ ಹೌದು. ಆದರೆ ರಸ್ತೆ ಹೀರದೆ ಬಿಟ್ಟ ಬಿಸಿಲು ನಡೆಯುವವನ ಮೈಮೇಲೆ ಬಂದು, ಅವನು ಅನುಭವಿಸುವ ಕಿರಣದ ಬೇಗೆ ಸುಮಾರು ಮೂರು ಡಿಗ್ರಿಯಷ್ಟು ಹೆಚ್ಚಿತು. ಛಾವಣಿಯ ಮೇಲೆ ನಡೆಯುವವರಿಲ್ಲ. ಅಲ್ಲಿಂದ ಪ್ರತಿಫಲಿಸಿದ್ದು ಆಕಾಶಕ್ಕೆ ಹೋಗುತ್ತದೆ. ಆದುದರಿಂದ ರಸ್ತೆಗೆ ಮರ, ಛಾವಣಿಗೆ ಸುಣ್ಣ ಎಂಬ ಹಂಚಿಕೆಯೇ ನಮಗೆ ವಿವೇಕವಾಗಿ ತೋರುತ್ತದೆ.

ಕಲಬುರಗಿಗೆ ನೆರೆಯ ರಾಜ್ಯವಾದ ತೆಲಂಗಾಣವು 2023ರಲ್ಲಿ ತಂಪು ಛಾವಣಿಗಳಿಗಾಗಿಯೇ ಐದು ವರ್ಷಗಳ ನೀತಿಯೊಂದನ್ನು ಪ್ರಕಟಿಸಿ, ಭಾರತದಲ್ಲಿ ಈ ವಿಷಯದಲ್ಲಿ ಮೊದಲಿಗನಾಯಿತು. ನಮ್ಮ ರಾಜ್ಯವೂ ಅಂತಹುದೊಂದನ್ನು ಮಾಡಬೇಕೆಂದು ಬಯಸುವವರು ಅದರ ಒಂದು ಅಂಶವನ್ನು ಗಮನವಿಟ್ಟು ಓದಬೇಕು. ಸರ್ಕಾರದ ಕಟ್ಟಡಗಳಿಗೂ ವಾಣಿಜ್ಯದ ಕಟ್ಟಡಗಳಿಗೂ ತಂಪು ಛಾವಣಿ ಅಲ್ಲಿ ಕಡ್ಡಾಯ; ವಾಸದ ಮನೆಗಳಲ್ಲಿ 600 ಚದರ ಗಜ ಅಥವಾ ಅದಕ್ಕಿಂತ ದೊಡ್ಡ ನಿವೇಶನದವುಗಳಿಗೆ ಕಡ್ಡಾಯ, ಅದಕ್ಕಿಂತ ಚಿಕ್ಕವುಗಳಿಗೆ ಮಾಲಿಕರ ಇಚ್ಛೆ. 600 ಚದರ ಗಜದ ನಿವೇಶನವುಳ್ಳವನು ತಾರಸಿ ಕಾದರೆ ಹವಾನಿಯಂತ್ರಕವನ್ನು ಹಾಕಿಸಿಕೊಳ್ಳಬಲ್ಲನು. ಮಾಲಿಕನ ಇಚ್ಛೆಗೆ ಬಿಟ್ಟ ಚಿಕ್ಕ ಮನೆಗಳಲ್ಲಿ ಅನೇಕವು ಬಾಡಿಗೆಯವು, ಮಾಲಿಕನು ಬೇರೆ ಕಡೆ ಮಲಗುವವನು. ಇನ್ನು ಕಲ್ನಾರಿನ ಶೀಟು ಹೊದಿಸಿ ತಾವೇ ಕಟ್ಟಿಕೊಂಡ ಗೂಡುಗಳ ಜನರು ಕಟ್ಟಡದ ಪರವಾನಗಿಗಾಗಿ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಿದವರೇ ಅಲ್ಲವಾದಕಾರಣ, ಕಡ್ಡಾಯವೂ ಇಚ್ಛೆಯೂ ಎರಡೂ ಅವರ ಸೂರನ್ನು ಮುಟ್ಟುವುದಿಲ್ಲ. ಅಹಮದಾಬಾದಿನವರು 2017ರಲ್ಲಿ ನಿಯಮವನ್ನು ಬರೆದು ಕಾಯುತ್ತ ಕೂರದೆ ಬಕೆಟ್ಟು ಪೊರಕೆಗಳನ್ನು ಹಿಡಿದು ಅಂತಹ ಸೂರುಗಳನ್ನೇ ಹತ್ತಿದರು. ನಮ್ಮ ಪಾಲಿಕೆಗಳು ಅನುಸರಿಸುವುದಾದರೆ ಈ ಎರಡನೆಯ ಮೇಲ್ಪಂಕ್ತಿಯನ್ನು ಮೊದಲು ಅನುಸರಿಸಲಿ, ಅದೂ ಮಾರ್ಚ್ ತಿಂಗಳು ಮುಗಿಯುವುದರೊಳಗೆ.